ಎಲ್ಲರದೂ ಒಂದೇ ಟಾಸ್ಕ್ ಪಟ್ಟಿ: ಡೆಸ್ಕ್‌ಟಾಪ್ ಮತ್ತು ಫೋನುಗಳ ನಡುವೆ ಸಿಂಕ್ ನಿಲ್ಲದ ಹಾಗೆ ಕಟ್ಟುವುದು

ಟಾಸ್ಕ್ ಪಟ್ಟಿಗೆ ಯಾವ ಆ್ಯಪ್ ಒಳ್ಳೆಯದು? ಒಬ್ಬರೇ ಬಳಸುವುದಾದರೆ ಯಾವುದಾದರೂ ಆದೀತು. ಆದರೆ ಮನೆಮಂದಿಗೆಲ್ಲ ಒಂದೇ ಪಟ್ಟಿ ಬೇಕು, ಅಥವಾ ಐದಾರು ಜನರ ಆಫೀಸಿಗೆ ಬೇಕು, ಒಬ್ಬರ ಕೈಲಿ ಐಫೋನ್, ಉಳಿದವರದು ಆಂಡ್ರಾಯ್ಡ್, ಮೇಜಿನ ಮೇಲೆ ಒಂದು ವಿಂಡೋಸ್ ಮತ್ತೊಂದು ಲಿನಕ್ಸ್ ಅಂದಾಗ ಆ್ಯಪ್ ಆರಿಸುವುದು ಕೊನೆಯ ಕೆಲಸ. ಪಟ್ಟಿ ಯಾವ ಸರ್ವರಿನಲ್ಲಿ ಕೂತಿರುತ್ತದೆ, ಅದರ ಜೊತೆ ಆ್ಯಪ್‌ಗಳು ಯಾವ ಪ್ರೋಟೋಕಾಲ್‌ನಲ್ಲಿ ಮಾತಾಡುತ್ತವೆ ಅನ್ನುವುದು ಮೊದಲು ತೀರ್ಮಾನವಾಗಬೇಕು.

ಕೈಗೆ ಸುಲಭವಾಗಿ ಸಿಗುವ ಆಯ್ಕೆಗಳನ್ನು ಬೇಗ ನೋಡಿ ಮುಗಿಸೋಣ. ಗೂಗಲ್ ಟಾಸ್ಕ್ಸ್‌ನಲ್ಲಿ ಸ್ವಂತ ಪಟ್ಟಿಯನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳಲು ಬರುವುದಿಲ್ಲ. ಗೂಗಲ್ ಕ್ಯಾಲೆಂಡರ್ ಹೊರಗಿನ ಆ್ಯಪ್‌ಗಳಿಗೆ ಕ್ಯಾಲ್‌ಡಾವ್ ಎಂಬ ಮುಕ್ತ ಪ್ರೋಟೋಕಾಲ್ ಮೂಲಕ ಸಿಗುತ್ತದೆ, ಟಾಸ್ಕ್ ಮಾತ್ರ ಸಿಗುವುದಿಲ್ಲ. ಆಪಲ್ ರಿಮೈಂಡರ್ಸ್‌ನ ಹಂಚಿಕೆ ಚೆನ್ನಾಗಿದೆ, ಆದರೆ ಆಪಲ್ ಖಾತೆಯವರ ನಡುವೆ ಮಾತ್ರ. 2019ರಲ್ಲಿ ಐಒಎಸ್ 13ರ ಜೊತೆ ಐಕ್ಲೌಡ್ ರಿಮೈಂಡರ್ಸ್ ಹೊಸ ವ್ಯವಸ್ಥೆಗೆ ಬದಲಾದ ಮೇಲೆ ಥಂಡರ್‌ಬರ್ಡ್ ಎಂಬ ಮೇಲ್-ಕ್ಯಾಲೆಂಡರ್ ತಂತ್ರಾಂಶದಂಥ ಹೊರಗಿನವಕ್ಕೆ ಅದು ಕಾಣುವುದೂ ನಿಂತಿತು. ಮೈಕ್ರೋಸಾಫ್ಟ್ ಟು ಡು ಎಲ್ಲ ಕಡೆಯೂ ಓಡುತ್ತದೆ, ಹಂಚುವುದೂ ಸಲೀಸು. ಎಲ್ಲರೂ ಮೈಕ್ರೋಸಾಫ್ಟ್ ಖಾತೆ ಮಾಡಿಕೊಳ್ಳಲು ಒಪ್ಪಿದರೆ, ಸರ್ವರ್ ತಂಟೆ ಬೇಡ ಅನ್ನಿಸಿದರೆ, ಅದನ್ನೇ ಹಾಕಿಕೊಳ್ಳಿ. ಮುಂದೆ ಓದುವ ಅಗತ್ಯವೂ ಇಲ್ಲ. ಒಂದು ವಿಷಯ ಮಾತ್ರ ಗೊತ್ತಿರಲಿ: ಟು ಡು ಮಾಡಿದ್ದು ವುಂಡರ್‌ಲಿಸ್ಟ್ ಎಂಬ ಹಳೆಯ ಟಾಸ್ಕ್ ಆ್ಯಪ್‌ನ ತಂಡ. ವುಂಡರ್‌ಲಿಸ್ಟನ್ನು ಮೈಕ್ರೋಸಾಫ್ಟ್ 2015ರಲ್ಲಿ ಕೊಂಡುಕೊಂಡು 2020ರ ಮೇ 6ಕ್ಕೆ ಮುಚ್ಚಿತು. ಚೆನ್ನಾಗಿ ಓಡುತ್ತಿದ್ದ ಸೇವೆಗೂ ಹೀಗಾಗುತ್ತದೆ.

ಪಟ್ಟಿ ನಮ್ಮ ಕೈಯಲ್ಲೇ ಇರಬೇಕು, ಆ್ಯಪ್ ಯಾವಾಗ ಬೇಕಾದರೂ ಬದಲಾಯಿಸುವಂತಿರಬೇಕು ಅನ್ನುವವರಿಗೆ ಉಳಿಯುವ ದಾರಿ ಕ್ಯಾಲ್‌ಡಾವ್. 2007ರ ಮಾರ್ಚ್‌ನಲ್ಲಿ ಆರ್‌ಎಫ್‌ಸಿ 4791 ಎಂಬ ಇಂಟರ್‌ನೆಟ್ ಮಾನದಂಡದ ದಾಖಲೆಯಾಗಿ ಬಂದ ಹಳೆಯ ಪ್ರೋಟೋಕಾಲ್ ಇದು. ಹೆಸರು ಕ್ಯಾಲೆಂಡರಿನದ್ದಾದರೂ ಟಾಸ್ಕ್‌ಗಳೂ ಇದರಲ್ಲೇ ಓಡಾಡುತ್ತವೆ. ಐಕ್ಯಾಲೆಂಡರ್ ಮಾದರಿಯಲ್ಲಿ, ಅಂದರೆ ಆರ್‌ಎಫ್‌ಸಿ 5545ರಲ್ಲಿ, ಟಾಸ್ಕ್‌ಗೆ ವಿ-ಟುಡು ಎಂಬ ಪ್ರತ್ಯೇಕ ವಿಭಾಗವೇ ಇದೆ. ಪ್ರತಿ ಟಾಸ್ಕ್ ಸರ್ವರಿನಲ್ಲಿ ಒಂದು ಪುಟ್ಟ ಪಠ್ಯ ಕಡತ: ಅದಕ್ಕೊಂದು ಗುರುತಿನ ಸಂಖ್ಯೆ, ಶೀರ್ಷಿಕೆ, ಗಡುವು, ಸ್ಥಿತಿ, ಆದ್ಯತೆ, ಟಿಪ್ಪಣಿ. ಇಷ್ಟು ತಿಳಿದಿದ್ದರೆ ಮುಂದೆ ಬರುವ ತೊಂದರೆಗಳಲ್ಲಿ ಮುಕ್ಕಾಲು ಭಾಗ ತಾನಾಗಿ ಅರ್ಥವಾಗುತ್ತದೆ.

ಸರ್ವರ್

ನೆಕ್ಸ್ಟ್‌ಕ್ಲೌಡ್, ಬೈಕಾಲ್, ರಾಡಿಕಾಲೆ ಈ ಮೂರರಲ್ಲಿ ಒಂದು ಸಾಕು. ಮೂರೂ ಮುಕ್ತ ತಂತ್ರಾಂಶಗಳೇ. ಹಂಚಿಕೆ ಮುಖ್ಯವಾದರೆ ನೆಕ್ಸ್ಟ್‌ಕ್ಲೌಡ್ ಆರಿಸಿ. ಯಾರಿಗೆ ಓದಲು ಮಾತ್ರ, ಯಾರಿಗೆ ತಿದ್ದಲು ಅನುಮತಿ ಎಂಬುದನ್ನು ಬ್ರೌಸರಿನಲ್ಲೇ ಟಿಕ್ ಮಾಡಿ ತೀರ್ಮಾನಿಸಬಹುದು. ರಾಡಿಕಾಲೆ ಪೈಥಾನ್‌ನಲ್ಲಿ ಬರೆದ ಚಿಕ್ಕ ಸರ್ವರ್; ಪೋರ್ಟ್ 5232ರಲ್ಲಿ ಕೂರುತ್ತದೆ, ರಾಸ್‌ಬೆರಿ ಪೈ ಮೇಲೂ ಆರಾಮಾಗಿ ಓಡುತ್ತದೆ. ಆದರೆ ಹಂಚಿಕೆಗೆ ಹಕ್ಕುಗಳ ಕಡತವನ್ನು ಕೈಯಾರೆ ಬರೆಯಬೇಕು. ಗಂಡ ಹೆಂಡತಿ ಇಬ್ಬರೇ ಆದರೆ ರಾಡಿಕಾಲೆಯಲ್ಲಿ 'ಮನೆ' ಅಂತ ಒಂದೇ ಬಳಕೆದಾರ ಖಾತೆ ಮಾಡಿ ಎಲ್ಲ ಸಾಧನಕ್ಕೂ ಅದನ್ನೇ ಹಾಕುವುದು ಸುಲಭ ಉಪಾಯ. ಅಳಿಸಿದ್ದು ಯಾರು ಅಂತ ಮಾತ್ರ ಆಮೇಲೆ ಗೊತ್ತಾಗುವುದಿಲ್ಲ. ರಾಡಿಕಾಲೆಯ ಹಳೆಯ ಆವೃತ್ತಿಗಳು ಏನೂ ಹೊಂದಿಸದಿದ್ದರೆ ಪಾಸ್‌ವರ್ಡ್ ಕೇಳದೆ ಎಲ್ಲರನ್ನೂ ಒಳಗೆ ಬಿಡುತ್ತಿದ್ದವು. ಇಂಟರ್‌ನೆಟ್ಟಿಗೆ ತೆರೆಯುವ ಮುಂಚೆ ಅದನ್ನು ನೋಡಿಕೊಳ್ಳಿ.

ಮನೆಯಲ್ಲೇ ಸರ್ವರ್ ಇಡುವವರಿಗೆ ಮೊದಲ ಅಡ್ಡಿ ಬ್ರಾಡ್‌ಬ್ಯಾಂಡ್ ಸಂಪರ್ಕದ್ದು. ನಮ್ಮಲ್ಲಿ ಬಹಳ ಸಂಪರ್ಕಗಳು ಸಿಜಿ-ನ್ಯಾಟ್ ಹಿಂದೆ ಇರುತ್ತವೆ. ಅಂದರೆ ನಿಮ್ಮ ರೂಟರಿಗೆ ಸ್ವಂತ ಸಾರ್ವಜನಿಕ ಐಪಿ ವಿಳಾಸವೇ ಇರುವುದಿಲ್ಲ, ಪೋರ್ಟ್ ಫಾರ್ವರ್ಡ್ ಎಷ್ಟು ಮಾಡಿದರೂ ಹೊರಗಿನಿಂದ ಯಾರೂ ಒಳಗೆ ಬರಲಾರರು. ರೂಟರಿನ ಪುಟದಲ್ಲಿ ಕಾಣುವ ವ್ಯಾನ್ ವಿಳಾಸ, ಅಂದರೆ ಹೊರಗಿನ ಇಂಟರ್‌ನೆಟ್ ಕಡೆಯ ವಿಳಾಸ, 100.64ರಿಂದ 100.127ರ ನಡುವೆ ಇದ್ದರೆ ಅದೇ ಗುರುತು. ಆಗ ಸ್ಥಿರ ಐಪಿಗೆ ದುಡ್ಡು ಕೊಡಬೇಕು, ಇಲ್ಲವೇ ವೈರ್‌ಗಾರ್ಡ್ ಅಥವಾ ಟೈಲ್‌ಸ್ಕೇಲ್‌ನಂಥ ವಿಪಿಎನ್ ಹಾಕಿಕೊಳ್ಳಬೇಕು, ಇಲ್ಲವೇ ಬಾಡಿಗೆಯ ವಿಪಿಎಸ್, ಅಂದರೆ ಡೇಟಾ ಸೆಂಟರಿನಲ್ಲಿ ಓಡುವ ವರ್ಚುವಲ್ ಸರ್ವರ್, ತೆಗೆದುಕೊಳ್ಳಬೇಕು. ಹಲವರು ಬಳಸುವ ಪಟ್ಟಿಗೆ ವಿಪಿಎಸ್ಸೇ ವಾಸಿ. ಕರೆಂಟು ಹೋದಾಗಲೆಲ್ಲ ಪಟ್ಟಿಯೂ ಹೋದರೆ ಒಂದೇ ವಾರದಲ್ಲಿ ಎಲ್ಲರೂ ವಾಟ್ಸ್‌ಆ್ಯಪ್‌ಗೆ ವಾಪಸ್ಸು.

ಎಚ್‌ಟಿಟಿಪಿಎಸ್, ಅಂದರೆ ಗೂಢಲಿಪಿಯ ಸಂಪರ್ಕ, ಇಲ್ಲದೆ ಮುಂದುವರಿಯಬೇಡಿ. ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಪ್ರಮಾಣಪತ್ರದ ಆಯಸ್ಸು 90 ದಿನ. ನವೀಕರಣ ತಾನಾಗಿ ಆಗುವಂತೆ ಇಟ್ಟಿರಬೇಕು. ಎಲ್ಲ ಸರಿಯಿದ್ದ ಸಿಂಕ್ ಮೂರು ತಿಂಗಳಿಗೆ ಸರಿಯಾಗಿ ಎಲ್ಲರ ಫೋನಿನಲ್ಲೂ ಒಟ್ಟಿಗೆ ನಿಂತರೆ ಮೊದಲು ಇದನ್ನೇ ನೋಡಿ.

ನೆಕ್ಸ್ಟ್‌ಕ್ಲೌಡ್‌ನಲ್ಲಿ ಟಾಸ್ಕ್ಸ್ ಆ್ಯಪ್ ಹಾಕಿ ಹೊಸ ಪಟ್ಟಿ ಮಾಡಿ. ಮೊದಲು ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟು, ಪಟ್ಟಿ ತಯಾರಾದ ಮೇಲೆ ಕನ್ನಡಕ್ಕೆ ಬದಲಾಯಿಸಿಕೊಳ್ಳುವುದು ಒಳ್ಳೆಯದು. ಪಟ್ಟಿಯ ವೆಬ್ ವಿಳಾಸ ಹುಟ್ಟುವುದು ಮೊದಲು ಕೊಟ್ಟ ಹೆಸರಿನಿಂದ. ಕನ್ನಡ ಹೆಸರು ಕೊಟ್ಟರೆ ಅಕ್ಷರಗಳೆಲ್ಲ ಉದುರಿ ವಿಳಾಸದಲ್ಲಿ ಬರೀ ಅಡ್ಡಗೆರೆ ಉಳಿಯುತ್ತದೆ. ಅಂಥವು ಮೂರು ನಾಲ್ಕಾದರೆ ಯಾವುದು ದಿನಸಿ, ಯಾವುದು ಆಫೀಸು ಅಂತ ಬೇರ್ಪಡಿಸುವುದು ಕಷ್ಟ. ಹೆಸರು ಆಮೇಲೆ ಬದಲಾಯಿಸಿದರೂ ವಿಳಾಸ ಹಾಗೇ ಇರುತ್ತದೆ.

ಹಂಚುವಾಗ ಹೆಸರು ಸೇರಿಸಿದರಷ್ಟೇ ಸಾಲದು, ಪಕ್ಕದಲ್ಲಿ ತಿದ್ದುವ ಅನುಮತಿಯ ಟಿಕ್ ಬೇರೆಯೇ ಇದೆ. ಅದನ್ನು ಬಿಟ್ಟರೆ ಎದುರಿನವರಿಗೆ ಪಟ್ಟಿ ಕಾಣುತ್ತದೆ, ಫೋನಿನಲ್ಲಿ ಟಿಕ್ ಹಾಕಲೂ ಆಗುತ್ತದೆ, ಆದರೆ ಮುಂದಿನ ಸಿಂಕ್‌ನಲ್ಲಿ ಟಿಕ್ ಮಾಯ. ಓದಲು ಮಾತ್ರ ಬಿಟ್ಟ ಪಟ್ಟಿಯಲ್ಲಿ ಮಾಡಿದ ಬದಲಾವಣೆಯನ್ನು ಡಾವ್‌ಎಕ್ಸ್5 (ಆಂಡ್ರಾಯ್ಡ್‌ನಲ್ಲಿ ಸಿಂಕ್ ಮಾಡುವ ಆ್ಯಪ್) ಹಿಂದಕ್ಕೆ ತಿರುಗಿಸಿಬಿಡುತ್ತದೆ. ಇನ್ನು ಕೆಲವು ಟಾಸ್ಕ್‌ಗಳು ಮಾತ್ರ ಮಾಲೀಕರಿಗೆ ಕಂಡು ಉಳಿದವರಿಗೆ ಕಾಣದಿದ್ದರೆ, ಆ ಟಾಸ್ಕ್ ತೆರೆದು ಬಲಗಡೆಯ ಪಟ್ಟಿಯಲ್ಲಿ ಹಂಚಿದಾಗ ಪೂರ್ತಿ ತೋರಿಸಬೇಕೋ ಅಡಗಿಸಬೇಕೋ ಎಂಬ ಆಯ್ಕೆ ನೋಡಿ. 'ಖಾಸಗಿ' ಆಗಿದ್ದರೆ ಸರ್ವರೇ ಅದನ್ನು ಬೇರೆಯವರಿಗೆ ಕೊಡುವುದಿಲ್ಲ.

ಪ್ರತಿ ಸಾಧನಕ್ಕೂ ಬೇರೆ ಬೇರೆ ಆ್ಯಪ್ ಪಾಸ್‌ವರ್ಡ್ ಮಾಡಿ: ಸೆಟ್ಟಿಂಗ್ಸ್, ಸೆಕ್ಯುರಿಟಿ, ಡಿವೈಸಸ್ ಆ್ಯಂಡ್ ಸೆಷನ್ಸ್. ಎರಡು ಹಂತದ ಲಾಗಿನ್ ಇದ್ದರಂತೂ ಇದಿಲ್ಲದೆ ಆಗುವುದೇ ಇಲ್ಲ. ಫೋನು ಕಳೆದುಹೋದರೆ ಆ ಒಂದನ್ನು ಮಾತ್ರ ರದ್ದು ಮಾಡಿದರಾಯಿತು.

ಡೆಸ್ಕ್‌ಟಾಪ್

ಥಂಡರ್‌ಬರ್ಡ್ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಒಂದೇ ಥರ. ಹೊಸ ಕ್ಯಾಲೆಂಡರ್, ಆನ್ ದ ನೆಟ್‌ವರ್ಕ್, ಬಳಕೆದಾರ ಹೆಸರು, ಸರ್ವರ್ ವಿಳಾಸ ಕೊಟ್ಟರೆ ಪಟ್ಟಿಗಳನ್ನು ತಾನೇ ಹುಡುಕುತ್ತದೆ. ಸಿಗದಿದ್ದರೆ ವೆಬ್ ಸರ್ವರಿನಲ್ಲಿ ವೆಲ್-ನೋನ್ ಮರುನಿರ್ದೇಶನ, ಅಂದರೆ ಕ್ಯಾಲ್‌ಡಾವ್ ಎಲ್ಲಿದೆ ಎಂದು ಆ್ಯಪ್‌ಗೆ ದಾರಿ ತೋರಿಸುವ ಸಾಲು, ಹಾಕಿಲ್ಲದಿರಬಹುದು. ಆಗ ಪಟ್ಟಿಯ ಪೂರ್ತಿ ಲಿಂಕನ್ನು ನೆಕ್ಸ್ಟ್‌ಕ್ಲೌಡ್‌ನಿಂದ ನಕಲು ಮಾಡಿ ಹಾಕಿ. ಸೇರಿಸಿದ ಮೇಲೆ ಪ್ರಾಪರ್ಟೀಸ್‌ಗೆ ಹೋಗಿ ಎರಡು ವಿಷಯ ನೋಡಿ. ತಾಜಾ ಮಾಡುವ ಅವಧಿ ಮೊದಲಿಗೆ 30 ನಿಮಿಷ ಇರುತ್ತದೆ, ಅದನ್ನು 5ಕ್ಕೆ ಇಳಿಸಿ. ಆಫ್‌ಲೈನ್ ಸಪೋರ್ಟ್ ಟಿಕ್ ಇರಲಿ, ನೆಟ್ ಇಲ್ಲದಾಗ ಮಾಡಿದ್ದು ಆಮೇಲೆ ಸರ್ವರಿಗೆ ಹೋಗುತ್ತದೆ. ಟಾಸ್ಕ್ ಟ್ಯಾಬ್ ಖಾಲಿ ಕಂಡರೆ ಗಾಬರಿ ಬೇಡ: ಎಡಗಡೆ ಆ ಕ್ಯಾಲೆಂಡರಿನ ಟಿಕ್ ತೆಗೆದಿರಬಹುದು, ಇಲ್ಲವೇ ಫಿಲ್ಟರ್ 'ಇಂದು' ಅಂತ ಇರಬಹುದು.

ಹಳೆಯ ಔಟ್‌ಲುಕ್ ಬಿಡಲಾರೆವು ಅನ್ನುವ ಆಫೀಸುಗಳಿಗೆ ಕ್ಯಾಲ್‌ಡಾವ್ ಸಿಂಕ್ರನೈಸರ್ ಎಂಬ ಉಚಿತ ಆ್ಯಡ್-ಇನ್ ಇದೆ, ಟಾಸ್ಕ್‌ಗಳನ್ನೂ ಸಿಂಕ್ ಮಾಡುತ್ತದೆ. ಹೊಸ ಔಟ್‌ಲುಕ್‌ನಲ್ಲಿ ಅಂಥ ಆ್ಯಡ್-ಇನ್ ನಡೆಯುವುದಿಲ್ಲ. ಲಿನಕ್ಸ್‌ನಲ್ಲಿ ಎವಲ್ಯೂಷನ್, ಕೆ-ಆರ್ಗನೈಸರ್ ಇವೆ. ಟರ್ಮಿನಲ್ ಮಂದಿಗೆ ವಿಡಿರ್‌ಸಿಂಕರ್ ಜೊತೆ ಟುಡುಮ್ಯಾನ್.

ಫೋನು

ಆಂಡ್ರಾಯ್ಡ್‌ನಲ್ಲಿ ಕೆಲಸ ಎರಡು ಆ್ಯಪ್‌ಗಳದ್ದು. ಸರ್ವರ್ ಜೊತೆ ಮಾತಾಡುವುದು ಡಾವ್‌ಎಕ್ಸ್5. ನೀವು ನೋಡುವ, ಟಿಕ್ ಹಾಕುವ ಆ್ಯಪ್ ಟಾಸ್ಕ್ಸ್ ಡಾಟ್ ಆರ್ಗ್ ಅಥವಾ ಜೆಟಿಎಕ್ಸ್ ಬೋರ್ಡ್. ಎಫ್-ಡ್ರಾಯ್ಡ್ ಎಂಬ ಮುಕ್ತ ತಂತ್ರಾಂಶಗಳ ಆ್ಯಪ್ ಸ್ಟೋರಿನಿಂದ ಹಾಕಿಕೊಂಡರೆ ಹಣ ಕೊಡಬೇಕಾಗಿಲ್ಲ. ಪ್ಲೇ ಸ್ಟೋರಿನಲ್ಲಿ ಡಾವ್‌ಎಕ್ಸ್5ಗೆ ಬೆಲೆ ಇದೆ, ಟಾಸ್ಕ್ಸ್ ಡಾಟ್ ಆರ್ಗ್‌ನ ಸಿಂಕ್‌ಗೆ ಚಂದಾ ಇದೆ. ಇವರ ಕೆಲಸಕ್ಕೆ ದುಡ್ಡು ಕೊಟ್ಟರೆ ನ್ಯಾಯವೇ.

ಹಾಕುವ ಕ್ರಮ ಮುಖ್ಯ. ಟಾಸ್ಕ್ ಆ್ಯಪ್ ಮೊದಲು, ಡಾವ್‌ಎಕ್ಸ್5 ಆಮೇಲೆ. ಡಾವ್‌ಎಕ್ಸ್5ನ ಸೆಟ್ಟಿಂಗ್ಸ್‌ನಲ್ಲಿ ಟಾಸ್ಕ್ ಆ್ಯಪ್ ಯಾವುದೆಂದು ಆರಿಸಬೇಕು, ಒಂದು ಸಲಕ್ಕೆ ಒಂದೇ. ಅನುಮತಿಗಳ ಪುಟದಲ್ಲಿ ಆ ಆ್ಯಪ್‌ನ ಟಾಸ್ಕ್ ಓದುವ, ಬರೆಯುವ ಅನುಮತಿ ಕೊಡಬೇಕು. ಆಮೇಲೆ ಖಾತೆ ಸೇರಿಸಿ, ಕ್ಯಾಲ್‌ಡಾವ್ ಟ್ಯಾಬ್‌ನಲ್ಲಿ ಪಟ್ಟಿಯ ಎದುರು ಟಿಕ್ ಹಾಕಿ. ಈ ಕೊನೆಯ ಟಿಕ್ ಮರೆತೇಹೋಗುತ್ತದೆ. ಖಾತೆ ಸರಿಯಾಗಿ ಸೇರಿದೆ, ತಪ್ಪು ಸಂದೇಶವೂ ಇಲ್ಲ, ಟಾಸ್ಕ್ ಮಾತ್ರ ಒಂದೂ ಇಲ್ಲ ಅಂದರೆ ಇದೇ ಕಾರಣ.

ಡಾವ್‌ಎಕ್ಸ್5 ಮೊದಲಿಗೆ 4 ಗಂಟೆಗೊಮ್ಮೆ ಸಿಂಕ್ ಮಾಡುತ್ತದೆ. ಬೆಳಿಗ್ಗೆ 10ಕ್ಕೆ ಕಂಪ್ಯೂಟರಿನಲ್ಲಿ ಹಾಕಿದ್ದು ಫೋನಿಗೆ ಮಧ್ಯಾಹ್ನ ಬರುವುದು ಅದಕ್ಕೇ. ಖಾತೆಯ ಸೆಟ್ಟಿಂಗ್ಸ್‌ನಲ್ಲಿ 15 ನಿಮಿಷಕ್ಕೆ ಇಳಿಸಿ. ಅದಕ್ಕಿಂತ ಕಡಿಮೆ ಆಗುವುದಿಲ್ಲ. ಹಿನ್ನೆಲೆಯಲ್ಲಿ ಮರುಮರಳಿ ನಡೆಯುವ ಕೆಲಸಕ್ಕೆ ಆಂಡ್ರಾಯ್ಡ್ ಹಾಕಿರುವ ಮಿತಿಯೇ 15 ನಿಮಿಷ. ನೀವು ಫೋನಿನಲ್ಲಿ ಮಾಡಿದ ಬದಲಾವಣೆ ಮಾತ್ರ ತಕ್ಷಣ ಸರ್ವರಿಗೆ ಹೋಗುತ್ತದೆ. ಹಾಗಾಗಿ ತಡ ಯಾವಾಗಲೂ ಬರುವ ಕಡೆ, ಹೋಗುವ ಕಡೆ ಅಲ್ಲ.

15 ನಿಮಿಷ ಅಂತ ಇಟ್ಟರೂ ಅರ್ಧ ದಿನ ಸಿಂಕ್ ಆಗದಿದ್ದರೆ ಅದು ಬ್ಯಾಟರಿ ಉಳಿಸುವ ವ್ಯವಸ್ಥೆಯ ಕೆಲಸ. 2015ರ ಆಂಡ್ರಾಯ್ಡ್ 6ರಿಂದ ಡೋಜ್ ಇದೆ: ಮುಟ್ಟದೆ ಇಟ್ಟ ಫೋನು ಹಿನ್ನೆಲೆಯ ಕೆಲಸಗಳನ್ನು ಮುಂದೂಡುತ್ತದೆ. ಕೆಲವು ಕಂಪನಿಗಳು ಅದರ ಮೇಲೆ ತಮ್ಮದೇ ಇನ್ನೊಂದು ಕತ್ತರಿ ಇಟ್ಟಿರುತ್ತವೆ. ಡಾವ್‌ಎಕ್ಸ್5 ಮತ್ತು ಟಾಸ್ಕ್ ಆ್ಯಪ್ ಎರಡಕ್ಕೂ ಬ್ಯಾಟರಿಯನ್ನು 'ಅನಿರ್ಬಂಧಿತ' ಮಾಡಿ, 'ಆಟೋಸ್ಟಾರ್ಟ್' ಅಂತಿದ್ದರೆ ಆನ್ ಮಾಡಿ, ಡೇಟಾ ಸೇವರ್‌ನಿಂದ ಹೊರಗಿಡಿ. ನೆನಪಿನ ಗಂಟೆ ಬಾರಿಸಲು ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್ ಅನುಮತಿಯೂ ಬೇಕು. ಸಿಸ್ಟಂ ಅಪ್‌ಡೇಟ್ ಆದ ಮೇಲೆ ಇವೆಲ್ಲ ಕೆಲವೊಮ್ಮೆ ಹಳೆಯ ಸ್ಥಿತಿಗೆ ಮರಳಿರುತ್ತವೆ, ಮತ್ತೊಮ್ಮೆ ನೋಡಿ.

ಐಫೋನಿನಲ್ಲಿ ಬೇರೆ ಆ್ಯಪ್ ಬೇಡ. ಕ್ಯಾಲೆಂಡರ್ ಖಾತೆಗಳಲ್ಲಿ 'ಅದರ್' ಒತ್ತಿ ಕ್ಯಾಲ್‌ಡಾವ್ ಖಾತೆ ಸೇರಿಸಿ, ರಿಮೈಂಡರ್ಸ್ ಸ್ವಿಚ್ ಆನ್ ಮಾಡಿದರೆ ಪಟ್ಟಿ ರಿಮೈಂಡರ್ಸ್ ಆ್ಯಪ್‌ನಲ್ಲೇ ಬರುತ್ತದೆ. ಟ್ಯಾಗ್, ಚಿತ್ರ ಅಂಟಿಸುವುದು ಮುಂತಾದ ಐಕ್ಲೌಡ್ ಸೌಲಭ್ಯಗಳು ಈ ಪಟ್ಟಿಗೆ ಇರುವುದಿಲ್ಲ. ಇಲ್ಲಿಯ ತಡಕ್ಕೆ ಕಾರಣ 'ಫೆಚ್ ನ್ಯೂ ಡೇಟಾ'. ಅದು 'ಆಟೋಮ್ಯಾಟಿಕಲಿ' ಅಂತಿದ್ದರೆ ಫೋನು ಚಾರ್ಜಿಗೆ ಹಾಕಿ, ವೈ-ಫೈಯಲ್ಲಿದ್ದಾಗ ಮಾತ್ರ ಹಿನ್ನೆಲೆಯಲ್ಲಿ ತರುತ್ತದೆ. ಸಂತೆಯಲ್ಲಿ ನಿಂತು ಪಟ್ಟಿ ನೋಡಿದರೆ ರಾತ್ರಿ ಚಾರ್ಜಿಗಿಟ್ಟಾಗ ಬಂದದ್ದೇ ಕಾಣುವುದು ಇದರಿಂದಲೇ. 15 ನಿಮಿಷಕ್ಕೆ ಬದಲಾಯಿಸಿ.

ಹಾಕಿದ ಟಿಕ್ ತಾನಾಗಿ ಬಿಟ್ಟುಹೋಗುವುದು

ಹಂಚಿಕೊಂಡ ಪಟ್ಟಿಗಳ ಮೇಲೆ ಜನಕ್ಕೆ ನಂಬಿಕೆ ಹೋಗುವುದು ತಡದಿಂದಲ್ಲ, ಇದರಿಂದ. ಒಳಗೆ ಏನಾಗುತ್ತದೆ ಅಂತ ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಸರ್ವರಿನಲ್ಲಿ 'ವಿದ್ಯುತ್ ಬಿಲ್' ಅಂತ ಒಂದು ಟಾಸ್ಕ್ ಇದೆ. ಪ್ರತಿ ಟಾಸ್ಕ್‌ನ ಪ್ರತಿ ಆವೃತ್ತಿಗೂ ಸರ್ವರ್ ಇ-ಟ್ಯಾಗ್ ಎಂಬ ಗುರುತು ಕೊಟ್ಟಿರುತ್ತದೆ. ಈಗಿನದು ಅ1 ಅಂದುಕೊಳ್ಳಿ. ಅಣ್ಣನ ಫೋನಿನಲ್ಲೂ ತಂಗಿಯ ಫೋನಿನಲ್ಲೂ ಅ1 ಇದೆ. ಅಣ್ಣ ಲಿಫ್ಟಿನಲ್ಲಿದ್ದಾನೆ, ಸಿಗ್ನಲ್ ಇಲ್ಲ. ಬಿಲ್ ಕಟ್ಟಾಯಿತು ಅಂತ ಟಿಕ್ ಹಾಕುತ್ತಾನೆ. ಅದೇ ಹೊತ್ತಿಗೆ ತಂಗಿ ಅದೇ ಟಾಸ್ಕ್‌ನ ಟಿಪ್ಪಣಿಯಲ್ಲಿ ಗ್ರಾಹಕ ಸಂಖ್ಯೆ ಸೇರಿಸುತ್ತಾಳೆ. ಅವಳ ಫೋನು "ಸರ್ವರಿನಲ್ಲಿ ಇನ್ನೂ ಅ1 ಇದ್ದರೆ ಮಾತ್ರ ಇದನ್ನು ಬರೆ" ಎಂದು ಷರತ್ತು ಹಾಕಿ ಕಳಿಸುತ್ತದೆ. ಇದೆ, ಬರೆಯುತ್ತದೆ, ಗುರುತು ಅ2 ಆಗುತ್ತದೆ. ಅಣ್ಣ ಲಿಫ್ಟಿನಿಂದ ಹೊರಬಂದಾಗ ಅವನ ಫೋನೂ ಅ1ರ ಷರತ್ತಿನಲ್ಲೇ ಕಳಿಸುತ್ತದೆ. ಸರ್ವರ್ 412 ಎಂಬ ಉತ್ತರ ಕೊಟ್ಟು ನಿರಾಕರಿಸುತ್ತದೆ. ಡಾವ್‌ಎಕ್ಸ್5ನ ನಿಯಮ ಸರಳ: ಜಗಳ ಬಂದರೆ ಸರ್ವರ್ ಹೇಳಿದ್ದೇ ಸರಿ. ಅಣ್ಣನ ಬದಲಾವಣೆ ಬಿಟ್ಟು ಅ2 ಇಳಿಸಿಕೊಳ್ಳುತ್ತದೆ. ಗ್ರಾಹಕ ಸಂಖ್ಯೆ ಬಂತು, ಟಿಕ್ ಹೋಯಿತು.

ಟಿಕ್ ಬೇರೆ, ಟಿಪ್ಪಣಿ ಬೇರೆ, ಎರಡನ್ನೂ ಸೇರಿಸಬಹುದಿತ್ತಲ್ಲ ಅನ್ನಿಸುತ್ತದೆ. ಕ್ಯಾಲ್‌ಡಾವ್‌ನಲ್ಲಿ ಘಟಕ ಅಂದರೆ ಇಡೀ ಟಾಸ್ಕ್. ಅದರೊಳಗಿನ ಸಾಲುಗಳನ್ನು ಬೇರೆ ಬೇರೆಯಾಗಿ ಸರ್ವರ್ ನೋಡುವುದಿಲ್ಲ. ಥಂಡರ್‌ಬರ್ಡ್ ಇಂಥ ಹೊತ್ತಿನಲ್ಲಿ ಕೇಳುತ್ತದೆ: ನನ್ನ ಬದಲಾವಣೆ ಬಿಡಲೋ, ಹೇಗಿದ್ದರೂ ಕಳಿಸಲೋ? ಹೇಗಿದ್ದರೂ ಕಳಿಸು ಅಂದರೆ ಇನ್ನೊಬ್ಬರದು ಅಳಿಯುತ್ತದೆ. ಆಗ ಬಿಟ್ಟುಬಿಡುವುದನ್ನೇ ಆರಿಸಿ, ಹೊಸದನ್ನು ನೋಡಿ, ನಿಮ್ಮದನ್ನು ಮತ್ತೆ ಬರೆಯಿರಿ.

ಇದರಿಂದ ಪಟ್ಟಿ ಬರೆಯುವ ರೀತಿಯೇ ಬದಲಾಗಬೇಕು. 'ದಿನಸಿ' ಅಂತ ಒಂದು ಟಾಸ್ಕ್ ಮಾಡಿ ಟಿಪ್ಪಣಿಯಲ್ಲಿ ಅಕ್ಕಿ, ಬೇಳೆ, ಬೆಲ್ಲ ಅಂತ ಇಪ್ಪತ್ತು ಸಾಲು ಬರೆದರೆ ಇಬ್ಬರು ಅಂಗಡಿಯಲ್ಲಿ ಬೇರೆ ಬೇರೆ ಸಾಲು ಅಳಿಸುತ್ತಿದ್ದ ಹಾಗೆ ಜಗಳ ಖಚಿತ. 'ದಿನಸಿ' ಪಟ್ಟಿಯ ಹೆಸರಾಗಲಿ. ಅಕ್ಕಿ ಒಂದು ಟಾಸ್ಕ್, ಬೇಳೆ ಒಂದು ಟಾಸ್ಕ್. ಒಬ್ಬರು ಅಕ್ಕಿಗೆ, ಇನ್ನೊಬ್ಬರು ಬೇಳೆಗೆ ಟಿಕ್ ಹಾಕಿದರೆ ಎರಡು ಬೇರೆ ಕಡತ, ಯಾವ ಜಗಳವೂ ಇಲ್ಲ.

ಪಠ್ಯ ಕಡತದಲ್ಲಿ ಟಾಸ್ಕ್ ಬರೆದು, ಸಾಧನಗಳ ನಡುವೆ ನೇರವಾಗಿ ಕಡತ ಸಿಂಕ್ ಮಾಡುವ ಸಿಂಕ್‌ಥಿಂಗ್‌ನಿಂದ ಹಂಚುವವರಿದ್ದಾರೆ. ಅಲ್ಲಿ ಘಟಕ ಇನ್ನೂ ದೊಡ್ಡದು, ಇಡೀ ಪಟ್ಟಿಯೇ ಒಂದು ಕಡತ. ಇಬ್ಬರು ಒಟ್ಟಿಗೆ ತಿದ್ದಿದರೆ ಹೆಸರಿನಲ್ಲಿ 'ಸಿಂಕ್-ಕಾನ್‌ಫ್ಲಿಕ್ಟ್' ಅಂತ ಬರೆದ ಇನ್ನೊಂದು ಪ್ರತಿ ಹುಟ್ಟುತ್ತದೆ, ಅದನ್ನು ಕೈಯಾರೆ ಬೆರೆಸಬೇಕು. ಒಬ್ಬರ ಎರಡು ಸಾಧನಕ್ಕೆ ಚೆಂದ, ನಾಲ್ಕು ಜನಕ್ಕೆ ಅಲ್ಲ. ಅದರ ಅಧಿಕೃತ ಆಂಡ್ರಾಯ್ಡ್ ಆ್ಯಪ್ 2024ರ ಕೊನೆಗೆ ನಿಂತಿದೆ, ಈಗ ಇರುವುದು ಸಿಂಕ್‌ಥಿಂಗ್-ಫೋರ್ಕ್.

ಗಡುವು, ಪುನರಾವರ್ತನೆ

ಗಡುವನ್ನು ಎರಡು ರೀತಿ ಬರೆಯಬಹುದು: ಬರೀ ದಿನಾಂಕ, ಅಥವಾ ದಿನಾಂಕದ ಜೊತೆ ಗಂಟೆ. 'ಜನವರಿ 14' ಎಂಬ ಬರೀ ದಿನಾಂಕ ಎಲ್ಲ ದೇಶದಲ್ಲೂ ಜನವರಿ 14. ಅದನ್ನೇ ಯಾವುದಾದರೂ ಆ್ಯಪ್ ಯುಟಿಸಿಯ (ಜಾಗತಿಕ ಪ್ರಮಾಣ ಸಮಯದ) ಮಧ್ಯರಾತ್ರಿ ಎಂದು ಬರೆದುಬಿಟ್ಟರೆ ನಮಗೆ 14ರ ಬೆಳಗಿನ ಜಾವ 5:30 ಆಗುತ್ತದೆ. ಕಾರಣವಿಲ್ಲದೆ ಟಾಸ್ಕ್‌ಗಳ ಮೇಲೆ 5:30 ಅಂತ ಕಂಡರೆ ಇದೇ ಸುಳಿವು. ನ್ಯೂಜೆರ್ಸಿಯಲ್ಲಿರುವ ಮಗಳು ಅದೇ ಪಟ್ಟಿಯಲ್ಲಿದ್ದರೆ ಅವಳಿಗೆ ಅದು 13ರ ಸಂಜೆ 7 ಗಂಟೆ, ಒಂದು ದಿನವೇ ಹಿಂದೆ. ನೆಕ್ಸ್ಟ್‌ಕ್ಲೌಡ್‌ನಲ್ಲಿ 'ಆಲ್ ಡೇ' ಟಿಕ್ ಹಾಕಿ. ಥಂಡರ್‌ಬರ್ಡ್‌ನಲ್ಲಿ ಡ್ಯೂ ಡೇಟ್ ಹಾಕಿದರೆ ಗಂಟೆಯೂ ಜೊತೆಗೆ ಬರುತ್ತದೆ, ಹಾಗಾಗಿ ದಿನಾಂಕದ ಕೆಲಸಗಳನ್ನು ಫೋನಿನಲ್ಲೋ ಬ್ರೌಸರಿನಲ್ಲೋ ಸೇರಿಸುವುದು ಮೇಲು.

ಗಡುವಿನ ಜೊತೆ 'ಆರಂಭ ದಿನಾಂಕ' ಹಾಕುವಾಗಲೂ ಎಚ್ಚರ. ಆರಂಭ ಇನ್ನೂ ಬಂದಿಲ್ಲದ ಟಾಸ್ಕ್‌ಗಳನ್ನು ಟಾಸ್ಕ್ಸ್ ಡಾಟ್ ಆರ್ಗ್ ಅಡಗಿಸಬಲ್ಲದು. ಕಂಪ್ಯೂಟರಿನಲ್ಲಿ ಕಾಣುತ್ತದೆ, ಫೋನಿನಲ್ಲಿ ಇಲ್ಲ ಎಂಬ ದೂರಿಗೆ ಸಿಂಕ್ ಬೈಯುವ ಮುಂಚೆ ಪಟ್ಟಿಯ ಫಿಲ್ಟರಿನಲ್ಲಿ 'ಶೋ ಅನ್‌ಸ್ಟಾರ್ಟೆಡ್' ನೋಡಿ.

ಪುನರಾವರ್ತನೆಯ ಟಾಸ್ಕ್ ಈ ಇಡೀ ವ್ಯವಸ್ಥೆಯ ಅತಿ ದುರ್ಬಲ ಜಾಗ. 'ಪ್ರತಿ ತಿಂಗಳ 5ಕ್ಕೆ ಬಾಡಿಗೆ' ಎಂಬ ನಿಯಮ ಕಡತದಲ್ಲಿ ಸರಿಯಾಗಿಯೇ ಕೂರುತ್ತದೆ. ಆದರೆ ಒಂದು ತಿಂಗಳಿನದು ಮುಗಿಯಿತು ಅಂತ ಬರೆಯುವುದು ಹೇಗೆ ಎಂಬುದರಲ್ಲಿ ಆ್ಯಪ್‌ಗಳಿಗೆ ಒಮ್ಮತವಿಲ್ಲ. ಟಾಸ್ಕ್ಸ್ ಡಾಟ್ ಆರ್ಗ್ ಅದೇ ಟಾಸ್ಕ್‌ನ ಗಡುವನ್ನು ಮುಂದಿನ ತಿಂಗಳಿಗೆ ತಳ್ಳುತ್ತದೆ. ಥಂಡರ್‌ಬರ್ಡ್ ಆ ಒಂದು ಸರದಿಯನ್ನು ಮಾತ್ರ ಪ್ರತ್ಯೇಕವಾಗಿ ಮುಗಿದದ್ದೆಂದು ಬರೆಯುತ್ತದೆ. ಒಬ್ಬರು ಹಾಗೆ, ಇನ್ನೊಬ್ಬರು ಹೀಗೆ ಮಾಡಿದರೆ ಎರಡೇ ತಿಂಗಳಲ್ಲಿ ಬಾಡಿಗೆ ಎರಡೆರಡು ಸಲ ಕಾಣುತ್ತದೆ, ಇಲ್ಲವೇ ಮಾಯವಾಗುತ್ತದೆ. 'ಮುಗಿಸಿದ ದಿನದಿಂದ 90 ದಿನಕ್ಕೆ ಮತ್ತೆ ವಾಟರ್ ಫಿಲ್ಟರ್' ಎಂಬ ರೀತಿಯದನ್ನಂತೂ ಈ ಮಾದರಿಯ ನಿಯಮದಲ್ಲಿ ಬರೆಯಲು ಸಾಧ್ಯವೇ ಇಲ್ಲ. ಹಾಗಾಗಿ ಮರುಮರಳಿ ಬರುವ ಕೆಲಸಗಳಿಗೆ ಬೇರೆ ಪಟ್ಟಿ ಮಾಡಿ, ಅದಕ್ಕೆ ಒಬ್ಬರೇ, ಒಂದೇ ಆ್ಯಪ್‌ನಿಂದ ಟಿಕ್ ಹಾಕಲಿ. ಅಥವಾ ಅವನ್ನು ಕ್ಯಾಲೆಂಡರಿನಲ್ಲಿ ಹಾಕಿ, ಅಲ್ಲಿ ಪುನರಾವರ್ತನೆ ಗಟ್ಟಿಯಾಗಿದೆ.

ಉಳಿದ ಕ್ಷೇತ್ರಗಳಲ್ಲೂ ಎಲ್ಲ ಆ್ಯಪ್‌ಗಳಿಗೂ ಒಂದೇ ಥರ ಅರ್ಥವಾಗುವಂಥವು ಕಡಿಮೆ: ಶೀರ್ಷಿಕೆ, ಟಿಪ್ಪಣಿ, ಬರೀ ದಿನಾಂಕದ ಗಡುವು, ಮುಗಿದಿದೆ ಎಂಬ ಟಿಕ್. ಹಂಚಿಕೊಂಡ ಪಟ್ಟಿಯನ್ನು ಈ ನಾಲ್ಕರಲ್ಲೇ ನಡೆಸಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಉಪ-ಟಾಸ್ಕ್‌ಗಳು ನೆಕ್ಸ್ಟ್‌ಕ್ಲೌಡ್ ಮತ್ತು ಟಾಸ್ಕ್ಸ್ ಡಾಟ್ ಆರ್ಗ್‌ನಲ್ಲಿ ಒಂದರೊಳಗೊಂದು ಕಾಣುತ್ತವೆ, ಥಂಡರ್‌ಬರ್ಡ್‌ನಲ್ಲಿ ಎಲ್ಲ ಒಂದೇ ಸಾಲಿನಲ್ಲಿ ಚೆಲ್ಲಿಕೊಳ್ಳುತ್ತವೆ. ಆದ್ಯತೆ ಬೇಕೇ ಬೇಕು ಅಂದರೆ 1, 5, 9 ಮಾತ್ರ ಬಳಸಿ: 1 ಅತಿ ಮುಖ್ಯ, 9 ಕೊನೆ. ನೆಕ್ಸ್ಟ್‌ಕ್ಲೌಡ್‌ನ ಪಟ್ಟಿಯಲ್ಲಿ 3 ಇಟ್ಟರೆ ಮೂರೇ ಹಂತ ಗೊತ್ತಿರುವ ಆ್ಯಪ್ ಅದನ್ನು 'ಹೆಚ್ಚು' ಎಂದು ತೋರಿಸಿ, ಉಳಿಸುವಾಗ 1 ಮಾಡಿಬಿಡಬಹುದು. ಕೆಲಸ ಯಾರದು ಎಂಬುದಕ್ಕೆ ಎಲ್ಲ ಆ್ಯಪ್‌ಗಳೂ ಒಪ್ಪುವ ಕ್ಷೇತ್ರವಿಲ್ಲ. ಶೀರ್ಷಿಕೆಯ ಮೊದಲಲ್ಲೇ 'ಅಪ್ಪ: ಗ್ಯಾಸ್' ಅಂತ ಬರೆಯುವುದು ನೋಡಲು ಒರಟು, ಆದರೆ ಎಲ್ಲ ಕಡೆ ಕಾಣುತ್ತದೆ. ಅಲಾರಂ ಕೂಡ ಟಾಸ್ಕ್‌ನ ಭಾಗವೇ, ಒಬ್ಬರು ಬೆಳಿಗ್ಗೆ 6ಕ್ಕೆ ಇಟ್ಟರೆ ಎಲ್ಲರ ತಲೆದಿಂಬಿನ ಪಕ್ಕವೂ ಬಡಿಯುತ್ತದೆ.

ಕನ್ನಡದಲ್ಲಿ ಬರೆದಾಗ

ಐಕ್ಯಾಲೆಂಡರ್ ಕಡತದಲ್ಲಿ ಒಂದು ಸಾಲು 75 ಬೈಟ್ ಮೀರಬಾರದು ಅನ್ನುತ್ತದೆ ನಿಯಮ. ಮೀರಿದರೆ ಅಲ್ಲಿ ಮುರಿದು, ಮುಂದಿನ ಸಾಲನ್ನು ಒಂದು ಖಾಲಿ ಜಾಗದಿಂದ ಶುರುಮಾಡಬೇಕು. ಇಂಗ್ಲಿಷಿನಲ್ಲಿ 75 ಬೈಟ್ ಅಂದರೆ 75 ಅಕ್ಷರ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್, ಅದರಲ್ಲೂ ಕೊಂಬು, ಇಳಿ, ಅರ್ಧಾಕ್ಷರದ ಗುರುತು ಎಲ್ಲ ಬೇರೆ ಬೇರೆ ಸಂಕೇತ.

'ಗ್ಯಾಸ್ ಸಿಲಿಂಡರ್ ಬುಕ್ ಮಾಡಬೇಕು' ಎಂಬುದನ್ನು ಎಣಿಸಿ ನೋಡಿ. ಸಂಕೇತಗಳು 6, 8, 4, 7, ಒಟ್ಟು 25. ಅಂದರೆ 75 ಬೈಟ್, ನಡುವಿನ ಜಾಗಕ್ಕೆ 3, ಸಾಲಿನ ಮೊದಲಿನ 'ಸಮ್ಮರಿ' ಎಂಬ ಇಂಗ್ಲಿಷ್ ಪದ ಮತ್ತು ವಿರಾಮ ಚಿಹ್ನೆಗೆ 8. ಒಟ್ಟು 86. ನಾಲ್ಕೇ ಪದದ ಟಾಸ್ಕ್ ಒಂದು ಸಾಲಿನಲ್ಲಿ ಹಿಡಿಯುವುದಿಲ್ಲ! 75ನೇ ಬೈಟಿಗೆ ಸರಿಯಾಗಿ ಕತ್ತರಿಸಿದರೆ ಕತ್ತರಿ ಬೀಳುವುದು 'ಮಾಡಬೇಕು' ಪದದ 'ಬ' ಸಂಕೇತದ ಮೊದಲ ಬೈಟ್ ಆದಮೇಲೆ. ಅದರ ಒಂದು ಬೈಟ್ ಈ ಸಾಲಿನಲ್ಲಿ, ಎರಡು ಮುಂದಿನ ಸಾಲಿನಲ್ಲಿ.

ಓದುವ ಆ್ಯಪ್ ಮೊದಲು ಸಾಲುಗಳನ್ನು ಬೈಟ್ ಮಟ್ಟದಲ್ಲಿ ಜೋಡಿಸಿ, ಆಮೇಲೆ ಅಕ್ಷರವಾಗಿ ಓದಿದರೆ ಎಲ್ಲ ಸರಿ. ಮೊದಲೇ ಅಕ್ಷರವಾಗಿ ಓದಲು ಹೋದರೆ 'ಬ' ಬದಲು ಪ್ರಶ್ನಾರ್ಥಕದ ವಜ್ರಗಳು ಬರುತ್ತವೆ, ಇಲ್ಲವೇ ಓದುವುದೇ ನಿಂತುಹೋಗುತ್ತದೆ. ಹೆಸರಾಂತ ಆ್ಯಪ್‌ಗಳು ಇದನ್ನು ಸರಿಯಾಗಿ ನಿಭಾಯಿಸುತ್ತವೆ. ಕೆಡುವುದು ಸಾಮಾನ್ಯವಾಗಿ ಸ್ವಂತ ಸ್ಕ್ರಿಪ್ಟ್ ಬರೆದಾಗ, ಅಥವಾ ಯಾವುದೋ ಇಂಪೋರ್ಟ್ ಟೂಲ್ ನಂಬಿದಾಗ. ಪೈಥಾನ್‌ನಲ್ಲಿ ಬರೆಯುವವರು ಕಡತವನ್ನು ಬೈಟ್ ಆಗಿ ತೆರೆದು, ಸಾಲು ಜೋಡಿಸಿ, ಕೊನೆಗೆ ಡಿಕೋಡ್ ಮಾಡಿ. ಬರೆಯದವರು 'ಗ್ಯಾಸ್ ಬುಕ್ ಮಾಡಿ' ಅನ್ನಿ: 52 ಬೈಟ್, ತಂಟೆಯಿಲ್ಲ.

ಹುಡುಕಿದರೆ ಸಿಗದ ಕನ್ನಡ ಟಾಸ್ಕ್‌ಗೂ ಇಂಥದೇ ಕಾರಣ. 'ಕೊ' ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿಯೂ ಎರಡಾಗಿಯೂ ಬರೆಯಬಹುದು, ಕಣ್ಣಿಗೆ ಎರಡೂ ಒಂದೇ. ಒಂದು ಕೀಬೋರ್ಡ್ ಹೀಗೆ, ಇನ್ನೊಂದು ಹಾಗೆ ಬರೆದಿದ್ದರೆ ಬೈಟ್ ಹೋಲಿಸಿ ಹುಡುಕುವ ಆ್ಯಪ್‌ಗೆ ಅವೆರಡು ಬೇರೆ ಪದ. 'ಸಾಫ್ಟ್‌ವೇರ್' ಪದದ ನಡುವೆ ಕೂತಿರುವ ಕಾಣದ ಜೋಡಣೆ ತಡೆಯೂ ಅಷ್ಟೇ.

ಮುಗಿದ ಟಾಸ್ಕ್‌ಗಳನ್ನು ಆಗಾಗ ತೆಗೆದುಹಾಕಿ. ಡಾವ್‌ಎಕ್ಸ್5ನಲ್ಲಿ ಹಳೆಯದನ್ನು ಬಿಡುವ 90 ದಿನದ ಮಿತಿ ಕ್ಯಾಲೆಂಡರ್ ಕಾರ್ಯಕ್ರಮಗಳಿಗೆ ಮಾತ್ರ. ಟಾಸ್ಕ್‌ಗಳು ಮುಗಿದವೂ ಸೇರಿ ಎಲ್ಲವೂ ಫೋನಿಗೆ ಇಳಿಯುತ್ತವೆ. ತೆಗೆಯುವ ಮುಂಚೆ ನೆಕ್ಸ್ಟ್‌ಕ್ಲೌಡ್‌ನಿಂದ ಪಟ್ಟಿಯನ್ನು ಡೌನ್‌ಲೋಡ್ ಮಾಡಿ ಒಂದು ಪ್ರತಿ ಇಟ್ಟುಕೊಳ್ಳಿ. ತಪ್ಪಿ ಅಳಿಸಿದ್ದು ಕ್ಯಾಲೆಂಡರಿನ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, 2021ರ 22ನೇ ಆವೃತ್ತಿಯಿಂದ ಈ ಸೌಲಭ್ಯ ಇದೆ. ಡೌನ್‌ಲೋಡ್ ಮಾಡಿದ ಪ್ರತಿಯನ್ನು ಅದೇ ಪಟ್ಟಿಗೆ ಮತ್ತೆ ತುಂಬಲು ಹೋದರೆ, ಅಲ್ಲಿ ಇನ್ನೂ ಇರುವ ಟಾಸ್ಕ್‌ಗಳನ್ನು ಸರ್ವರ್ ತಿರಸ್ಕರಿಸುತ್ತದೆ. ಒಂದು ಪಟ್ಟಿಯಲ್ಲಿ ಒಂದೇ ಗುರುತಿನ ಸಂಖ್ಯೆ ಎರಡು ಸಲ ಇರುವಂತಿಲ್ಲ. ಹೊಸ ಖಾಲಿ ಪಟ್ಟಿ ಮಾಡಿ ಅದಕ್ಕೆ ತುಂಬಿ, ಬೇಕಾದದ್ದನ್ನು ಅಲ್ಲಿಂದ ಆರಿಸಿಕೊಳ್ಳಿ.